ಪೀಚ್ ತರಲು ಹೋದ ಬೆಳಿಗ್ಗೆ

ಲೈಪ್‌ಜಿಗ್, 9 ಏಪ್ರಿಲ್ 1989

ಪ್ರೀತಿಯ ರೋಸ್ವಿತಾ ಅಕ್ಕ,

ಈ ಬೇಸಿಗೆಯಲ್ಲಿ ನೀನು ನಮ್ಮ ಜೊತೆ ಬರುತ್ತಿದ್ದೀಯ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಭಾವ ತೀರಿಕೊಂಡ ಮೇಲೆ ನೀನು ಆ ಮನೆಯನ್ನೂ ಆ ಶಿಶುವಿಹಾರವನ್ನೂ ಬಿಟ್ಟು ಕದಲಿಲ್ಲ. ನಾನೂ ಸಿಗ್ರುನಳೂ ಕೂತು ಎಲ್ಲ ಗೊತ್ತುಮಾಡಿದ್ದೇವೆ. ಗೋರ್ಲಿಟ್ಸ್‌ನಲ್ಲಿ ನಿನ್ನನ್ನು ಹತ್ತಿಸಿಕೊಂಡು ಚೆಕೊಸ್ಲೊವಾಕಿಯಾ, ಹಂಗೆರಿ, ರೊಮೇನಿಯಾ ದಾಟಿ ಬಲ್ಗೇರಿಯಾದ ಕಪ್ಪು ಸಮುದ್ರದವರೆಗೆ. ವಾಪಸ್ ಬರುವಾಗ ಹಂಗೆರಿಯ ಬಾಲಟೋನ್ ಸರೋವರದ ದಂಡೆಯಲ್ಲಿ ಒಂದಷ್ಟು ದಿನ ಬಿಡಾರ. ಹೋಟೆಲೂ ಇಲ್ಲ, ಪ್ರವಾಸ ಸಂಸ್ಥೆಯ ಹಂಗೂ ಇಲ್ಲ. ಕಾರಿನ ತಲೆಯ ಮೇಲೆ ಬಿಚ್ಚಿಕೊಳ್ಳುವ ಡೇರೆ ಒಂದಿದೆ, ನೆಲದ ಡೇರೆ ಇನ್ನೊಂದು. ಅಡುಗೆಗೆ ಸ್ಟವ್. ಮೇಲಿನ ಡೇರೆ ನಿನಗೆ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ.

ಒಂದೇ ಷರತ್ತು. ನೀನೂ ಕಾರು ಓಡಿಸಬೇಕು. ಲೈಸೆನ್ಸ್ ತೆಗೆದುಕೊಂಡು ಬೀರುವಿನಲ್ಲಿಟ್ಟು ವರ್ಷಗಳಾದವು. ಮೂರು ಸಾವಿರ ಕಿಲೋಮೀಟರ್ ನಾನೊಬ್ಬನೇ ಓಡಿಸಲಾರೆ. ನಾನು ಕಲಿಸುತ್ತೇನೆ. ನೀನು ನನಗೆ ಸೈಕಲ್ ಕಲಿಸುವಾಗ ಬೈದಷ್ಟು ಬೈಯುವುದಿಲ್ಲ.

ನಿನ್ನ ತಮ್ಮ,
ಗೆರ್ನೋಟ್


ಗೋರ್ಲಿಟ್ಸ್, 21 ಏಪ್ರಿಲ್ 1989

ಪ್ರೀತಿಯ ಗೆರ್ನಿ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಆಲೂಗಡ್ಡೆ ತಳ ಹಿಡಿಯಿತು. ಬರುತ್ತೇನೆ ಮಾರಾಯ, ಖಂಡಿತ ಬರುತ್ತೇನೆ.

ಕಾರು ಓಡಿಸುವ ವಿಷಯ ಮಾತ್ರ ನೀನು ಇನ್ನೊಮ್ಮೆ ಯೋಚಿಸು. ನನ್ನ ಕಾಲು ಬ್ರೇಕಿಗಿಂತ ಮೊದಲು ನಡುಗುತ್ತದೆ. ನಿನ್ನ ಟ್ರಾಬಂಟ್ ಅನ್ನು ರೊಮೇನಿಯಾದ ಯಾವುದೋ ಚರಂಡಿಯಲ್ಲಿ ಇಳಿಸಿದರೆ ಸಿಗ್ರುನ್ ನನ್ನ ಜೊತೆ ಮಾತು ಬಿಡುತ್ತಾಳೆ. ಈಗಲೂ ಅವಳು ಹೆಚ್ಚು ಆಡುವುದಿಲ್ಲ. ನಾನು ಬಂದರೆ ನಿನ್ನ ಹೆಂಡತಿಗೆ ನಿಜಕ್ಕೂ ಒಪ್ಪಿಗೆಯೇ? ಕೇಳಿ ಹೇಳು. ಬೇಸರವಿದ್ದರೆ ನಾನು ತಪ್ಪು ತಿಳಿಯುವುದಿಲ್ಲ.

ಶಿಶುವಿಹಾರದಲ್ಲಿ ಸುದ್ದಿ ಆಗಲೇ ಹಬ್ಬಿದೆ. ಪುಟಾಣಿಯೊಬ್ಬಳು ಊಟದ ಹೊತ್ತಿಗೆ ಎದ್ದು ನಿಂತು, "ದೊಡ್ಡ ಟೀಚರ್ ಸಮುದ್ರಕ್ಕೆ ಹೋಗ್ತಾರಂತೆ, ಅಲ್ಲಿ ಬಟ್ಟೆನೇ ಇಲ್ದೆ ಈಜ್ತಾರಂತೆ" ಎಂದು ಸಾರಿದಳು. ಅಡುಗೆಯವರು ಸೌಟು ಕೆಳಗೆ ಬೀಳಿಸಿ ನಕ್ಕರು. ನಾನು ಮುಖ್ಯಸ್ಥೆಯ ಗಾಂಭೀರ್ಯ ಕಾಪಾಡಿಕೊಳ್ಳಲು ಗೋಡೆಗೆ ಮುಖ ಮಾಡಿ ನಿಲ್ಲಬೇಕಾಯಿತು.

ಅಮ್ಮ ಹೋದಾಗ ನಿನಗೆ ಹತ್ತು ವರ್ಷ. ಅಂದಿನಿಂದ ನಿನ್ನ ಪ್ರತಿಯೊಂದು ಪ್ರಯಾಣಕ್ಕೂ ನಾನೇ ಚೀಲ ತುಂಬಿಸಿ ಕಳಿಸಿದವಳು. ಈಗ ನನ್ನನ್ನು ನೀನು ಕರೆದುಕೊಂಡು ಹೊರಟಿದ್ದೀಯ. ಈ ಸಂತೋಷ ಹೇಗೆ ಹೇಳಿಕೊಳ್ಳಬೇಕೋ ತಿಳಿಯದು.

ನಿನ್ನ,
ರೋಸಿ ಅಕ್ಕ


ಬಾಲಟೋನ್, 24 ಆಗಸ್ಟ್ 1989

ಅಕ್ಕ,

ಕೀಲಿ ಬ್ರೆಡ್ ಡಬ್ಬಿಯಲ್ಲಿದೆ. ಟ್ಯಾಂಕ್ ತುಂಬಿಸಿದ್ದೇನೆ. ಬ್ರಾಟಿಸ್ಲಾವಾದ ಮೇಲೆ ಹೋಗು, ನಿನಗೆ ಆ ದಾರಿ ಪರಿಚಯ. ನಾವು ಆಸ್ಟ್ರಿಯಾದ ಕಡೆಗೆ ಹೊರಟಿದ್ದೇವೆ. ನಮ್ಮನ್ನು ಹುಡುಕಬೇಡ. ನೀನು ಚೆನ್ನಾಗಿಯೇ ಓಡಿಸುತ್ತೀಯ.

ಗೆ.


ಪಾಸಾವ್, 10 ಸೆಪ್ಟೆಂಬರ್ 1989

ಪ್ರೀತಿಯ ಅಕ್ಕ,

ನಾವು ಪಶ್ಚಿಮ ಜರ್ಮನಿಯಲ್ಲಿದ್ದೇವೆ, ಕ್ಷೇಮವಾಗಿದ್ದೇವೆ. ನೀನು ಊರು ಮುಟ್ಟಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ನಿದ್ದೆಯಿಲ್ಲ. ಒಂದು ಸಾಲು ಬರೆ.

ನೀನು ಸಿಟ್ಟಾಗಿರುತ್ತೀಯ. ಆದರೆ ನಂಬು, ಅದು ಆ ಬೆಳಿಗ್ಗೆಯೇ ಹೊಳೆದದ್ದು. ನೀನು ಸಂತೆಗೆ ಹೋದ ಮೇಲೆ ಪಕ್ಕದ ಬಿಡಾರದಲ್ಲಿ ರೇಡಿಯೊ ಹಾಕಿದ್ದರು. ಗಡಿಯಲ್ಲಿ ಬೇಲಿ ಕಿತ್ತಿದ್ದಾರೆ, ಜನ ಜೋಳದ ಹೊಲದ ಒಳಗಿಂದ ದಾಟುತ್ತಿದ್ದಾರೆ ಎಂದು ಕೇಳಿದೆವು. ಸಿಗ್ರುನ್ ನನ್ನ ಮುಖ ನೋಡಿದಳು. "ಈಗ ಇಲ್ಲ ಅಂದ್ರೆ ಇನ್ಯಾವತ್ತೂ ಇಲ್ಲ" ಎಂದಳು. ಬಸ್ಸು ಹೊರಡುವುದರಲ್ಲಿತ್ತು. ನಿನಗಾಗಿ ಕಾದಿದ್ದರೆ ತಪ್ಪಿಹೋಗುತ್ತಿತ್ತು. ಇಷ್ಟೇ ಅಕ್ಕ.

ಹೊಲದಲ್ಲಿ ಹಂಗೆರಿಯ ಸಿಪಾಯಿಯೊಬ್ಬ ಎದುರಾದ. ನಮ್ಮನ್ನು ನೋಡಿ ಬೆನ್ನು ತಿರುಗಿಸಿ ಸಿಗರೇಟು ಹಚ್ಚಿಕೊಂಡ. ಅವನ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಇಲ್ಲಿ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ನನಗೆ ಕೃತಕ ಹಲ್ಲು ಮಾಡುವ ಅದೇ ಹಳೆಯ ಕೆಲಸ ಸಿಗುವ ಹಾಗಿದೆ. ಪ್ರವಾಸ ಮಾತ್ರ ಎಷ್ಟು ಚೆನ್ನಾಗಿತ್ತು, ಅಲ್ಲವೇ? ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನು ನೆನೆದುಕೋ.

ಗೆರ್ನೋಟ್


ಗೋರ್ಲಿಟ್ಸ್, 23 ಸೆಪ್ಟೆಂಬರ್ 1989

ಗೆರ್ನೋಟ್,

ಊರು ಮುಟ್ಟಿದ್ದೇನೆ. ಕಾರು ನೆಟ್ಟಗಿದೆ. ಕೆಲಸ ಎಂದಿನಂತೆ ನಡೆದಿದೆ.

ನೀನು ಹೇಳಿದಂತೆ ಉಳಿದದ್ದನ್ನು ನೆನೆದುಕೊಳ್ಳುತ್ತಿದ್ದೇನೆ. ಕಾರ್ಪಾತಿಯನ್ ಬೆಟ್ಟದ ತಿರುವುಗಳಲ್ಲಿ ನನ್ನನ್ನೇ ಸ್ಟಿಯರಿಂಗ್ ಮುಂದೆ ಕೂರಿಸಿದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿತ್ತು, ನಾನು ಅಳುವುದರಲ್ಲಿದ್ದೆ. "ಅವನು ಹೊಡ್ಕೊಳ್ಳಲಿ ಬಿಡು ಅಕ್ಕ, ರಸ್ತೆ ನಿಂದೂ ಹೌದು" ಎಂದೆ. ಅಷ್ಟು ತಾಳ್ಮೆ ನಿನಗೆ ಎಲ್ಲಿಂದ ಬಂತೆಂದು ಆಶ್ಚರ್ಯಪಟ್ಟಿದ್ದೆ. ಪೆಟ್ರೋಲ್ ಬಂಕಿನ ಸರದಿಯಲ್ಲಿ ಅರ್ಧ ದಿನ ನಿಂತಾಗಲೂ, ಚಕ್ರ ಬಿಚ್ಚುವುದು, ಪ್ಲಗ್ ಒರೆಸುವುದು, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದೆ. ಕಪ್ಪು ಸಮುದ್ರದ ದಂಡೆಯಲ್ಲಿ ಒಂದು ಸಂಜೆ ಅಮ್ಮನ ಕಥೆಗಳನ್ನೆಲ್ಲ ಹೇಳು ಎಂದು ನೀನು ಗಂಟುಬಿದ್ದೆ. ಸಿಗ್ರುನ್ ಎದ್ದುಹೋದಳು. ನೀನು ಹೋಗಲಿಲ್ಲ. ಮೇಲಿನ ಡೇರೆಯನ್ನು ನನಗೇ ಬಿಟ್ಟುಕೊಟ್ಟಿದ್ದೆ. ನನ್ನ ತಮ್ಮ ಎಷ್ಟು ಒಳ್ಳೆಯವನು ಎಂದುಕೊಂಡು ಅದರಲ್ಲಿ ಮಲಗುತ್ತಿದ್ದೆ.

ಈಗ ಆ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡುತ್ತಿದ್ದೇನೆ. ಆ ಬೆಳಿಗ್ಗೆಯೇ ಹೊಳೆದದ್ದು ಎನ್ನುತ್ತೀಯ. ಹಾಗಾದರೆ ನಿನ್ನ ಕೆಲಸದ ಪ್ರಮಾಣಪತ್ರಗಳು ಕಪ್ಪು ಸಮುದ್ರಕ್ಕೆ ಯಾಕೆ ಬಂದಿದ್ದವು? ಅವು ಸಿಗ್ರುನಳ ಕೈಚೀಲದಲ್ಲಿದ್ದವು. ಸೋಪು ಹುಡುಕುವಾಗ ಕಂಡಿದ್ದೆ. ತೆಗೆದಿಡಲು ಮರೆತಿರಬೇಕು ಎಂದುಕೊಂಡೆ.

"ಸಂತೆಗೆ ಹೋಗಿ ಪೀಚ್ ತಗೊಂಡ್ ಬಾ ಅಕ್ಕ, ನೀನು ಆರ್ಸಿದ್ರೇ ಸಿಹಿಯಾಗಿರುತ್ತೆ" ಎಂದು ಕಳಿಸಿದೆ. ನಾನು ಒಂದೊಂದನ್ನೂ ಮೂಸಿ ನೋಡಿ ಆರಿಸಿದೆ. ಬಂದು ನೋಡಿದರೆ ನೆಲದ ಡೇರೆ ಇದ್ದ ಜಾಗದಲ್ಲಿ ಹುಲ್ಲು ಮಲಗಿತ್ತು. ಬಿಡಾರ ನೋಡಿಕೊಳ್ಳುವ ಪಿರೋಷ್ಕಾ ಅಜ್ಜಿ ಬಂದು ತನ್ನ ಹರಕುಮುರುಕು ಜರ್ಮನ್‌ನಲ್ಲಿ, "ನಿಮ್ಮೋರು ಹೋದ್ರಲ್ಲಮ್ಮ. ನೀನ್ಯಾಕೆ ಹೋಗ್ಲಿಲ್ಲ?" ಎಂದಳು.

"ಪೀಚ್ ತರೋಕೆ ಹೋಗಿದ್ದೆ" ಎಂದೆ.

ಅವಳು ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು, ಒಳಗೆ ಹೋಗಿ ಕುರ್ಚಿ ತಂದು ಹಾಕಿದಳು.

ರೋಸ್ವಿತಾ


ಪಾಸಾವ್, 8 ಅಕ್ಟೋಬರ್ 1989

ಅಕ್ಕ,

ಪ್ರಮಾಣಪತ್ರದ ವಿಷಯಕ್ಕೆ ಹೋಗುವುದಿಲ್ಲ. ಎಲ್ಲದರಲ್ಲೂ ಲೆಕ್ಕ ತೆಗೆಯುವುದು ನಿನ್ನ ಹಳೆಯ ಅಭ್ಯಾಸ.

ಈಗ ನಾನೊಂದು ಕೇಳುತ್ತೇನೆ. ಲೈಪ್‌ಜಿಗ್‌ನಿಂದ ಪಕ್ಕದ ಮನೆಯವರ ಸುದ್ದಿ ಬಂತು. ಆಗಸ್ಟ್ ಮುಗಿಯುವ ಮೊದಲೇ ಸರ್ಕಾರದವರು ನಮ್ಮ ಮನೆಗೆ ಬೀಗ ಹಾಕಿ ಮುದ್ರೆ ಒತ್ತಿದ್ದಾರೆ. ಸಾಮಾನೆಲ್ಲ ಹೊತ್ತುಕೊಂಡು ಹೋಗಿದ್ದಾರೆ. ಸಿಗ್ರುನಳ ಅಪ್ಪನ ಪಿಯಾನೊ ಕೂಡ. ನಮ್ಮ ರಜೆ ಇನ್ನೂ ಮುಗಿದಿರಲಿಲ್ಲ. ನಾವು ಬರಲಿಲ್ಲವೆಂದು ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ನಾವು ಹೋದದ್ದು ಗೊತ್ತಿದ್ದದ್ದು ನಿನ್ನೊಬ್ಬಳಿಗೆ.

ನೀನು ಹೆದರಿರಬಹುದು, ನಿನ್ನ ಸ್ಥಾನ ಉಳಿಸಿಕೊಳ್ಳಬೇಕಾಗಿತ್ತೇನೋ. ನನಗೆ ಅರ್ಥವಾಗುತ್ತದೆ. ಆದರೆ ಎರಡು ದಿನ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲವೇ? ಸಿಗ್ರುನ್ ಮೂರು ದಿನದಿಂದ ಅಳುತ್ತಿದ್ದಾಳೆ. "ನಾನು ಮೊದ್ಲೇ ಹೇಳಿರ್ಲಿಲ್ವಾ" ಎನ್ನುತ್ತಾಳೆ. ಅವಳಿಗೆ ಏನು ಹೇಳಲಿ?

ಗೆರ್ನೋಟ್


ಗೋರ್ಲಿಟ್ಸ್, 25 ಅಕ್ಟೋಬರ್ 1989

ಗೆರ್ನೋಟ್,

ನಿನ್ನ ಕಾಗದವನ್ನು ಯಾರೋ ಒಡೆದು ಮತ್ತೆ ಅಂಟಿಸಿದ್ದಾರೆ. ಇದನ್ನೂ ಒಡೆಯುತ್ತಾರೆ. ಓದಿಕೊಳ್ಳಲಿ. ಇಷ್ಟು ದಿನ ಅವರಿಗೆ ಹೆದರಿ ಅರ್ಧ ಬರೆದೆ, ಇನ್ನು ಪೂರ್ತಿ ಬರೆಯುತ್ತೇನೆ.

ನಾನು ಊರಿಗೆ ಬಂದದ್ದು ಸೆಪ್ಟೆಂಬರ್ ಎರಡಕ್ಕೆ. ಅಲ್ಲಿಯವರೆಗೆ ಸರೋವರದ ದಂಡೆಯಲ್ಲೇ ಇದ್ದೆ. ನೀನು ಸಿಕ್ಕಿಬಿದ್ದು ವಾಪಸ್ ಬಂದರೆ ನಿನಗೆ ಕಾರು ಇರಲಿ, ಡೇರೆ ಇರಲಿ ಎಂದು. ಬೇಗ ಹೊರಟರೆ ಗಡಿಯಲ್ಲಿ ನಿಲ್ಲಿಸಿ ಕೇಳುತ್ತಾರೆ, ನೀನು ದಾಟುವುದಕ್ಕೆ ಮೊದಲೇ ಸುದ್ದಿ ಹೋಗುತ್ತದೆ ಎಂದು. ಪೀಚ್ ಕೊಳೆತು ನೊಣ ಮುತ್ತಿತು. ಪಿರೋಷ್ಕಾ ಅಜ್ಜಿ ದಿನಾ ಒಂದು ತಟ್ಟೆ ಹುರುಳಿ ಸಾರು ತಂದಿಟ್ಟು ಹೋಗುತ್ತಿದ್ದಳು.

ಆಮೇಲೆ ಓಡಿಸಿಕೊಂಡು ಹೊರಟೆ. ಬ್ರನೋ ಊರಿನ ನಟ್ಟನಡುವೆ ಟ್ರಾಮ್ ಹಳಿಯ ಮೇಲೆ ಗೇರ್ ತಪ್ಪಿ ಕಾರು ನಿಂತುಬಿಟ್ಟಿತು. ಟ್ರಾಮ್ ಗಂಟೆ ಬಾರಿಸುತ್ತಲೇ ಇತ್ತು. ಬಾಯಿತಪ್ಪಿ "ಗೆರ್ನಿ, ಏನ್ಮಾಡ್ಲಿ" ಎಂದು ಪಕ್ಕಕ್ಕೆ ತಿರುಗಿದೆ. ಸೀಟಿನ ಮೇಲೆ ನಿನ್ನ ಟೋಪಿ ಇತ್ತು.

ನಮ್ಮ ಗಡಿಯಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿ ಕಾರಿನೊಳಗೆ ಬಗ್ಗಿ ನೋಡಿದ.

"ಮೂರು ಜನ ಹೋಗಿದ್ರಿ. ಇನ್ನಿಬ್ರು?"

"ಬಂದಿಲ್ಲ."

"ಎಲ್ಲಿ?"

"ಗೊತ್ತಿಲ್ಲ."

"ಸ್ವಂತ ತಮ್ಮ ಎಲ್ಲಿ ಹೋದ ಅಂತ ಗೊತ್ತಿಲ್ವಾ?"

"ಹೇಳಿ ಹೋಗಿದ್ರೆ ತಾನೆ ಗೊತ್ತಿರೋದು" ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂತೆಂದು ಕಾಣುತ್ತದೆ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಕೆಲಸ ಎಂದಿನಂತೆ ನಡೆದಿದೆ ಎಂದು ಬರೆದಿದ್ದೆ. ಸುಳ್ಳು. ಬಂದ ವಾರವೇ ಅಧಿಕಾರಿಗಳು ಕರೆಸಿಕೊಂಡರು. ತಮ್ಮ ದ್ರೋಹಿ, ಅವನ ಕೃತ್ಯವನ್ನು ಖಂಡಿಸುತ್ತೇನೆ ಎಂದು ಬರೆದ ಹಾಳೆಗೆ ಸಹಿ ಹಾಕು ಎಂದರು. ಹಾಕಿದರೆ ಮುಖ್ಯಸ್ಥೆಯಾಗಿ ಉಳಿಯಬಹುದಿತ್ತು. "ಅವನನ್ನ ಬೈಯೋದಿದ್ರೆ ನಾನೇ ಬೈತೀನಿ, ನಿಮ್ಮ ಹಾಳೆ ಬೇಕಿಲ್ಲ" ಎಂದು ಎದ್ದು ಬಂದೆ. ಈಗ ಅದೇ ಶಿಶುವಿಹಾರದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೇನೆ. ಮಕ್ಕಳು ಕಿಟಕಿಯಿಂದ ಇಣುಕಿ, "ದೊಡ್ಡ ಟೀಚರ್ ಯಾಕೆ ಏಪ್ರನ್ ಹಾಕ್ಕೊಂಡಿದ್ದಾರೆ?" ಎಂದು ಕೇಳುತ್ತಾರೆ.

ಮನೆಗೆ ಬೀಗ ಬಿದ್ದದ್ದು ಹೇಗೆಂದು ಕೇಳಿದೆಯಲ್ಲ. ಹೋದ ಭಾನುವಾರ ನನ್ನ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಹೆಗಲ ಮೇಲೆ ನಮ್ಮ ನೆಲದ ಡೇರೆ. ನಿನಗೆ ಅವಳ ಪರಿಚಯವಿದೆ, ಪಕ್ಕದ ಬಿಡಾರದ ಆನ್ನೆರೋಸ, ಎರ್ಫುರ್ಟ್‌ನವಳು. ನೀನು ಹೋಗುವಾಗ ಡೇರೆಯನ್ನು ಅವಳಿಗೆ ಕೊಟ್ಟು ಹೋದೆಯಂತೆ, ನಾನು ಸಂತೆಯಿಂದ ಬರುವಷ್ಟರಲ್ಲಿ ಅವರೂ ಹೊರಟಿದ್ದರಂತೆ. ಅದನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲವಂತೆ. ಕಾಫಿ ಕೊಟ್ಟೆ, ಕುಡಿಯಲಿಲ್ಲ.

"ನಿಮ್ಮ ತಮ್ಮ ಹೊರಡೋಕೆ ಮೂರು ದಿನ ಮೊದ್ಲೇ ನಮ್ಮನೆಯವರ ಹತ್ರ ಎಲ್ಲಾ ಹೇಳಿದ್ರು" ಎಂದಳು. "ಈಸ್ಟರಿಂದ ಯೋಚನೆ ಮಾಡಿದ್ವಿ, ಅಕ್ಕನಿಗೆ ಕಾರು ಓಡ್ಸೋಕೆ ಕಲ್ಸಿದ್ದೀನಿ, ಒಬ್ಬಳೇ ಊರಿಗೆ ಹೋಗ್ತಾಳೆ ಅಂದ್ರು. ನಾವು ವಾಪಸ್ ಬರುವಾಗ ಗಡಿಯಲ್ಲಿ ನಮ್ಮನೆಯವರನ್ನ ಒಳಗೆ ಕೂರಿಸ್ಕೊಂಡ್ರು. ಅವರು ಹೆದ್ರಿ ಎಲ್ಲಾ ಬಾಯಿಬಿಟ್ರು. ನಿಮ್ಮ ತಮ್ಮನ ಹೆಸರು, ಊರು, ಎಲ್ಲಾ. ನನಗೆ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

ನಾನು ಕೇಳಿದೆ, "ನನಗೆ ಯಾಕೆ ಹೇಳ್ಲಿಲ್ಲ ಅಂತ ಅವನನ್ನ ಕೇಳಿದ್ರಾ?"

ಅವಳು ಕಾಫಿ ಲೋಟವನ್ನು ದೂರ ಸರಿಸಿದಳು. ಆಮೇಲೆ, "ಕೇಳ್ದೆ. ಅಕ್ಕ ಸರ್ಕಾರದ ಪಕ್ಷದವಳು, ಹೇಳಿದ್ರೆ ನಮ್ಮನ್ನ ಹಿಡಿದು ಕೊಡ್ತಾಳೆ ಅಂದ್ರು" ಎಂದಳು.

ಮೂರು ದಿನದ ಪರಿಚಯದವನು ನಿನಗೆ ನಂಬಿಕಸ್ತನಾದ. ನಾನು ಹಿಡಿದು ಕೊಡುವವಳಾದೆ. ಇದನ್ನು ಸಿಗ್ರುನಳಿಗೆ ಹೇಳು.

ರೋಸ್ವಿತಾ


ಪಾಸಾವ್, 12 ನವೆಂಬರ್ 1989

ಅಕ್ಕ, ಪ್ರೀತಿಯ ಅಕ್ಕ,

ಟಿ.ವಿ. ಮುಂದೆ ಕೂತು ಮೂರು ದಿನವಾಯಿತು. ಗೋಡೆ ತೆರೆಯಿತು. ಜನ ಅದರ ಮೇಲೆ ಹತ್ತಿ ಕೂತಿದ್ದಾರೆ. ನೀನು ನಾಳೆಯೇ ಹೊರಟು ಬರಬಹುದು. ಇನ್ನು ಯಾರ ಅಪ್ಪಣೆಯೂ ಬೇಕಿಲ್ಲ. ಸಿಗ್ರುನ್ ನಿನಗಾಗಿ ಹಾಸಿಗೆ ಹಾಕಿಟ್ಟಿದ್ದಾಳೆ.

ಇನ್ನು ಆ ಹಳೆಯದರಿಂದ ಯಾರಿಗೆ ಏನು? ನಾವು ಹೋದದ್ದೂ ಒಂದೇ, ಇದ್ದಿದ್ದರೂ ಒಂದೇ. ಎಲ್ಲ ಮುಗಿಯಿತು. ಬರುವ ಬೇಸಿಗೆಯಲ್ಲಿ ಇಲ್ಲಿಂದ ಆಲ್ಪ್ಸ್ ದಾಟಿ ಇಟಲಿಗೆ ಹೋಗೋಣ, ಮೂವರೂ. ಮೇಲಿನ ಡೇರೆ ನಿನಗೇ. ಯಾವ ರೈಲಿಗೆ ಬರುತ್ತೀಯ ತಿಳಿಸು.

ನಿನ್ನ ಗೆರ್ನಿ


ಪಾಸಾವ್, 4 ಡಿಸೆಂಬರ್ 1989

ಅಕ್ಕ,

ನಿನ್ನಿಂದ ಉತ್ತರ ಬರಲಿಲ್ಲ. ನಾನೇ ಬಂದಿದ್ದೆ, ನಿನಗೆ ಗೊತ್ತಿದೆ. ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದೆ. ಒಳಗೆ ರೇಡಿಯೊ ಹಾಡುತ್ತಿತ್ತು, ನಾನು ತಟ್ಟಿದ ಮೇಲೆ ನಿಂತಿತು. ಮೆಟ್ಟಿಲ ಮೇಲೆ ಕೂತು ಕಾದೆ. ಕೆಳಗಿನ ಮನೆಯ ಮುದುಕ, "ಇದ್ದಾರಲ್ಲ, ಬೆಳಿಗ್ಗೆ ಬ್ರೆಡ್ ತಂದ್ರು" ಎಂದ. "ಇರ್ಲಿ ಬಿಡಿ" ಎಂದು ಇಳಿದು ಹೋದೆ.

ಆನ್ನೆರೋಸ ಹೇಳಿದ್ದು ನಿಜ. ಆ ಮಾತು ಸಿಗ್ರುನಳದ್ದು ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಬರೆದೂ ಇದ್ದೆ, ಹರಿದುಹಾಕಿದೆ. ಮಾತು ನನ್ನದೇ.

ಅದು ಯಾಕೆ ಬಾಯಿಗೆ ಬಂತೆಂದು ಹೇಳುತ್ತೇನೆ. ನನಗೆ ಹದಿನೇಳಾಗಿದ್ದಾಗ ಶಾಲೆಯ ಗೋಡೆಯ ಮೇಲೆ ಸರ್ಕಾರದ ಬಗ್ಗೆ ಏನೋ ಗೀಚಿದ್ದೆ. ಯಾರಿಗೂ ಗೊತ್ತಿರಲಿಲ್ಲ. ನೀನು ನನ್ನ ತೋಳಿನ ಮೇಲೆ ಬಣ್ಣ ನೋಡಿದೆ, ಅದೇ ತೋಳು ಹಿಡಿದು ಹೆಡ್‌ಮಾಸ್ತರರ ಮನೆಗೆ ಎಳೆದುಕೊಂಡು ಹೋದೆ. ನನ್ನ ಕಾಲೇಜು ಅಲ್ಲಿಗೇ ನಿಂತಿತು. ನಾನು ಹಲ್ಲು ಮಾಡುವವನಾದೆ. ನೀನು ನನ್ನನ್ನು ಪ್ರೀತಿಸುತ್ತೀಯೆಂದು ಗೊತ್ತಿತ್ತು ಅಕ್ಕ. ಪ್ರೀತಿಸುತ್ತಲೇ ಒಪ್ಪಿಸಿಬಿಡುತ್ತೀಯೆಂದೂ ಗೊತ್ತಿತ್ತು.

ಗೆರ್ನೋಟ್


ಗೋರ್ಲಿಟ್ಸ್, 17 ಡಿಸೆಂಬರ್ 1989

ಗೆರ್ನೋಟ್,

ನಾನು ಒಳಗೇ ಇದ್ದೆ. ರೇಡಿಯೊ ಆರಿಸಿದ್ದು ನಾನೇ. ಬಾಗಿಲಿನ ಈಚೆ ಕಡೆ ಬೆನ್ನು ಕೊಟ್ಟು ನಿಂತಿದ್ದೆ. ನೀನು ಸೀನುವುದು ಕೇಳಿಸುತ್ತಿತ್ತು, ನಿನಗೆ ನೆಗಡಿಯಾಗಿತ್ತು. ಚಿಲಕಕ್ಕೆ ಕೈ ಹೋಗುತ್ತಿತ್ತು, ಆಮೇಲೆ "ಹಿಡಿದು ಕೊಡ್ತಾಳೆ" ಎಂಬ ಮಾತು ನೆನಪಾಗುತ್ತಿತ್ತು. ಕೈ ಕೆಳಗೆ ಬರುತ್ತಿತ್ತು. ನೀನು ಮೆಟ್ಟಿಲು ಇಳಿದು ಹೋದ ಮೇಲೆ ನಾನೂ ನೆಲದ ಮೇಲೆ ಕೂತೆ.

ಹೆಡ್‌ಮಾಸ್ತರರ ವಿಷಯ. ಇಷ್ಟು ವರ್ಷ ನೀನು ಅದನ್ನು ಇಟ್ಟುಕೊಂಡಿದ್ದೀಯೆಂದು ನನಗೆ ತಿಳಿದಿರಲಿಲ್ಲ. ಅವತ್ತು ಬೆಳಿಗ್ಗೆ ನಿನ್ನ ಗೆಳೆಯನ ತಾಯಿ ನನ್ನ ಹತ್ತಿರ ಬಂದಿದ್ದಳು. ಅವಳ ಮಗ ಆಗಲೇ ನಿನ್ನ ಹೆಸರು ಹೇಳಿಬಿಟ್ಟಿದ್ದ. ಸಂಜೆಯೊಳಗೆ ಪೊಲೀಸರು ನಿನ್ನನ್ನು ಕರೆದುಕೊಂಡು ಹೋಗುವವರಿದ್ದರು. ನೀನಾಗಿಯೇ ಬಂದು ಒಪ್ಪಿಕೊಂಡರೆ ಶಾಲೆಯ ಮಟ್ಟದಲ್ಲೇ ಮುಗಿಸುತ್ತೇನೆ ಎಂದು ಹೆಡ್‌ಮಾಸ್ತರರು ನನಗೆ ಮಾತು ಕೊಟ್ಟರು. ಬದಲಿಗೆ ನಾನು ಪಕ್ಷ ಸೇರಬೇಕೆಂದರು. ಸೇರಿದೆ. ನಿನ್ನ ಕಾಲೇಜು ಹೋಯಿತು, ಜೈಲು ತಪ್ಪಿತು. ಗೆಳೆಯನೇ ನಿನ್ನ ಹೆಸರು ಹೇಳಿದ ಎಂದರೆ ನಿನ್ನ ಎದೆ ಒಡೆದುಹೋಗುತ್ತದೆ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ಅವತ್ತೇ ಹೇಳಬೇಕಾಗಿತ್ತು.

ಆದರೆ ಇದನ್ನು ನೀನು ಈಸ್ಟರಿನಲ್ಲಿ ಕೇಳಬಹುದಿತ್ತು. ದಾರಿಯುದ್ದಕ್ಕೂ ಕೇಳಬಹುದಿತ್ತು, ನಾಲ್ಕು ದೇಶ ದಾಟಿದೆವು, ಒಂದೇ ಕಾರಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. "ಅಕ್ಕ, ನಾನು ಹೋಗ್ತಿದ್ದೀನಿ" ಎಂದಿದ್ದರೆ ಅಳುತ್ತಿದ್ದೆ, ಬೈಯುತ್ತಿದ್ದೆ. ಆಮೇಲೆ ನಿನ್ನ ಚೀಲ ತುಂಬಿಸಿ ಕೊಡುತ್ತಿದ್ದೆ. ಸಿಗ್ರುನಳ ಆ ಚಪ್ಪಲಿಯಲ್ಲಿ ಹೊಲದಲ್ಲಿ ನಡೆಯಲು ಆಗುವುದಿಲ್ಲ ಎಂದು ನನ್ನ ಬೂಟು ಬಿಚ್ಚಿ ಕೊಡುತ್ತಿದ್ದೆ. ಅಷ್ಟನ್ನು ಮಾಡಲು ನೀನು ನನಗೆ ಬಿಡಲಿಲ್ಲ.

ಎಲ್ಲ ಮುಗಿಯಿತು, ಈಗ ಯಾರಿಗೆ ಏನು ಎಂದು ನೀನು ಬರೆದಿದ್ದೆ. ಗೋಡೆ ತೆರೆದದ್ದಕ್ಕೆ ನಾನೂ ಬೀದಿಗಿಳಿದು ಅತ್ತವಳೇ. ಪಕ್ಕದಲ್ಲಿದ್ದವರನ್ನೆಲ್ಲ ತಬ್ಬಿಕೊಂಡೆ, ಮನೆಗೆ ಬಂದು ಒಬ್ಬಳೇ ಕೂತೆ. ಆಗಸ್ಟ್ ಇಪ್ಪತ್ತನಾಲ್ಕರಂದು ಗೋಡೆ ಇರಲಿಲ್ಲ ಎಂದು ಯಾರೂ ನನಗೆ ಹೇಳಲಾರರು. ಅವತ್ತು ನೀನು ನನ್ನನ್ನು ಅದನ್ನು ಕಾಯುವವರ ಜೊತೆ ಸೇರಿಸಿ ಎಣಿಸಿದೆ.

ಶಿಶುವಿಹಾರದಲ್ಲಿ ಮತ್ತೆ ಮುಖ್ಯಸ್ಥೆಯಾಗಿ ಎನ್ನುತ್ತಿದ್ದಾರೆ. ಬೇಡವೆಂದಿದ್ದೇನೆ. ಬೇಸಿಗೆಯಲ್ಲಿ ನಾನೂ ಆನ್ನೆರೋಸಳೂ ಕಾರು ತೆಗೆದುಕೊಂಡು ಹೊರಡುತ್ತೇವೆ, ಎಲ್ಲಿಗೆಂದು ಇನ್ನೂ ಗೊತ್ತುಮಾಡಿಲ್ಲ. ನಿಮ್ಮ ಜೊತೆ ಇಟಲಿಗೆ ಬರುವುದಿಲ್ಲ.

ಹೊಸ ವರ್ಷ ಕಳೆದ ಮೇಲೆ ನೀನೊಬ್ಬನೇ ಬಾ. ಬಾಗಿಲು ತೆರೆಯುತ್ತೇನೆ. ಊಟ ಹಾಕುತ್ತೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ತಿಳಿಯಬೇಡ, ಅದು ನನಗೇ ಇನ್ನೂ ಗೊತ್ತಿಲ್ಲ. ಎಷ್ಟು ದಿನ ಇರಬೇಕೆನಿಸಿದರೆ ಅಷ್ಟು ದಿನ ಇರು. ಹೊರಡಬೇಕೆನಿಸಿದಾಗ ಹೊರಡು. ನನ್ನನ್ನು ಎಲ್ಲಿಗೂ ಕಳಿಸಬೇಡ. ನನ್ನ ಮುಖ ನೋಡಿ, ಹೋಗಿ ಬರ್ತೀನಿ ಅಕ್ಕ ಅಂತ ಹೇಳಿ ಹೋಗು.

ರೋಸ್ವಿತಾ